ಕಿನ್ನಿಮುಲ್ಕಿಯ ಪಾರ್ಲರ್: ಸ್ಪಾಗೆ ಹೋದವಳು ಕತ್ತರಿ ಹಾಕಿಸಿಕೊಂಡು ಬಂದೆ

ಉಡುಪಿಯ ಕಿನ್ನಿಮುಲ್ಕಿಯಲ್ಲಿ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿರುವ ಸಣ್ಣ ಲೇಡೀಸ್ ಪಾರ್ಲರ್ ಇದು. ಕುರ್ಚಿ ಎರಡೇ. ಎಸಿ ಇಲ್ಲ.

ನಾನು ಮೊದಲು ಬೇರೆ ಕಡೆ, ದೊಡ್ಡ ಸಲೂನಿನಲ್ಲಿ, ತಂಗಿಯ ಮದುವೆಗೆಂದು ಸ್ಮೂತನಿಂಗ್ ಮಾಡಿಸಿದ್ದೆ. ಕೂದಲಿಗೆ ಆಗಲೇ ಕಲರ್ ಹಾಕಿತ್ತು, ಅದನ್ನು ಅಲ್ಲಿ ಯಾರೂ ಕೇಳಲೂ ಇಲ್ಲ. ಸ್ಮೂತನಿಂಗಿನ ಕ್ರೀಮ್ ಕೂದಲಿನ ಒಳಗಿನ ಬಂಧವನ್ನೇ ಒಡೆದು ನೇರ ಮಾಡುವುದು, ಮೇಲಿಂದ ಐರನ್ನಿನ ಬಿಸಿ ಬೇರೆ. ಫೋಟೊದಲ್ಲಿ ಚಂದ ಬಂತು. ಎರಡು ತಿಂಗಳಾದ ಮೇಲೆ ಬಾಚಣಿಗೆಯಲ್ಲಿ ಬರೀ ತುಂಡು ಕೂದಲು, ಬುಡದಿಂದ ಉದುರಿದ್ದಲ್ಲ, ನಡುವೆ ಮುರಿದದ್ದು.

ಇಲ್ಲಿ ಹೇರ್ ಸ್ಪಾ ಮಾಡಿ ಅಂತ ಕೂತೆ. ಪಾರ್ಲರಿನ ಅಕ್ಕ ಒಂದು ಕೂದಲನ್ನು ಒದ್ದೆ ಮಾಡಿ, ಎರಡು ಬೆರಳಲ್ಲಿ ಹಿಡಿದು ಮೆಲ್ಲ ಎಳೆದರು. ಬಬಲ್‌ಗಮ್ಮಿನ ಹಾಗೆ ಉದ್ದ ಬಂದು ತುಂಡಾಯಿತು. ಒಳ್ಳೆಯ ಕೂದಲಾದರೆ ಸ್ವಲ್ಪ ಎಳೆದು ಬಿಟ್ಟಾಗ ಮೊದಲಿನ ಉದ್ದಕ್ಕೇ ಬರುತ್ತದಂತೆ. ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹಳೇ ಹಿಡಿಸೂಡಿಯ ಕಡ್ಡಿ ಸೀಳಿದ ಹಾಗಿತ್ತು. "ಇದಕ್ಕೆ ಸ್ಪಾ ಮಾಡಿ ಎಂತ ಮಾಡುದು ಮಾರಾಯ್ರೆ? ಎರಡು ವಾರ ನುಣ್ಣಗೆ ಕಾಣ್ತದೆ, ಸೀಳಿದ್ದು ಕೂಡ್ತದಾ?" ಹೊರಗೆ ಬಂದ ಕೂದಲಿಗೆ ಜೀವ ಇಲ್ಲ ಅಲ್ವಾ, ಗಾಯದ ಹಾಗೆ ಅದು ಮಾಯುವುದಿಲ್ಲ. ನಾಲ್ಕು ಬೆರಳು ಅಗಲದಷ್ಟು ಕತ್ತರಿಸಿ 200 ರೂಪಾಯಿ ತೆಗೆದುಕೊಂಡರು. ಸ್ಪಾ ಕ್ರೀಮಿನ ಡಬ್ಬ ಅಲ್ಲೇ ಕಪಾಟಿನಲ್ಲಿತ್ತು, ಸುಮ್ನೆ ಹಚ್ಚಿ ಸಾವಿರ ಕೇಳಿದ್ದರೂ ನಾನು ಕೊಡುತ್ತಿದ್ದೆ.

ತೆಂಗಿನೆಣ್ಣೆಯನ್ನು ತಲೆಗೆ ಮೀಯುವ ಮೊದಲೇ ಹಚ್ಚಿ ಅಂದರು. ಅಜ್ಜಿ ಮಾತು ಅಂದುಕೊಂಡು ಹುಡುಕಿ ನೋಡಿದೆ. ಅದು ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದು ಕಡಿಮೆಯಾಗುತ್ತದೆ ಅಂತ 2003ರ ಒಂದು ಅಧ್ಯಯನದಲ್ಲೇ ಇದೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ಗೆ ಆ ಗುಣ ಕಾಣಲಿಲ್ಲವಂತೆ. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ, ಅದು ಬೇರೆ ಮಾತು.

ಕಂಡಿಷನರ್ ತುದಿಗೆ ಸಾಕು, ಬುಡಕ್ಕೆ ಬೇಡ. ಒದ್ದೆ ಕೂದಲು ಬಾಚಬಾರದು, ಕಟ್ಟಿ ಹೆಲ್ಮೆಟ್ ಹಾಕಬಾರದು. ಜುಲೈ ಮಳೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಸ್ಕೂಟಿಯಲ್ಲಿ ಮಣಿಪಾಲಕ್ಕೆ ಹೊರಡುವವಳು ಕೂದಲು ಒಣಗಿಸುವುದು ಯಾವಾಗ? ಈಗ ಸಂಜೆ ಬಂದು ಮೀಯುತ್ತೇನೆ, ಮಲಗುವವರೆಗೂ ಫ್ಯಾನಿನ ಕೆಳಗೆ.

ಅಪಾಯಿಂಟ್‌ಮೆಂಟ್ ಇಲ್ಲ. ಮದುಮಗಳು ಬಂದರೆ ಉಳಿದವರು ಕಾಯಬೇಕು, ನಾನು ಒಂದೂವರೆ ಗಂಟೆ ಬೆವರಿದೆ. ಶನಿವಾರ ಹೋಗಬೇಡಿ. ಹೊಸ ನಮೂನೆಯ ಲೇಯರ್ ಕಟ್ ಬೇಕಾದವರಿಗೂ ಇದಲ್ಲ.

ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ. ಸ್ಮೂತನಿಂಗ್ ಆದ ಭಾಗ ಪೂರ್ತಿ ಹೋಗಲು ನನಗೆ ಇನ್ನೂ ಎರಡು ವರ್ಷ ಬೇಕು. ಅಕ್ಟೋಬರ್‌ನಲ್ಲಿ ಮತ್ತೆ ಎರಡು ಬೆರಳು ಕತ್ತರಿಸಲು ಬರಹೇಳಿದ್ದಾರೆ.