ಸೈಟು ನೋಡಲು ಹೋಗುವಾಗ ಜೊತೆಗೊಂದು ಅಳತೆ ಟೇಪು ಇರಲಿ

ಖಾಸಗಿ ಬಡಾವಣೆಯಲ್ಲಿ ಸೈಟು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಬಡಾವಣೆಯವರು ಪಡುತ್ತಿರುವ ಪಾಡು ಇನ್ನೊಬ್ಬರಿಗೆ ಬರಬಾರದು.

2019ರಲ್ಲಿ ಊರ ಹೊರಗೆ 30x40ರ ಸೈಟು ತಗೊಂಡೆವು. ಬಡಾವಣೆಯ ನಕ್ಷೆಗೆ ನಗರ ಯೋಜನಾ ಪ್ರಾಧಿಕಾರದ ಅನುಮೋದನೆ ಇತ್ತು. ಬ್ಯಾಂಕು ಸಾಲ ಕೊಟ್ಟಿತು. ವಕೀಲರು ಪತ್ರಗಳೆಲ್ಲ ಸರಿ ಇವೆ ಎಂದರು. ರಸ್ತೆ ಕರ್ರಗೆ ಮಿಂಚುತ್ತಿತ್ತು, ಎರಡೂ ಕಡೆ ಚರಂಡಿ, ಸಾಲಾಗಿ ದೀಪದ ಕಂಬ. ಆ ರಸ್ತೆ ನೋಡಿಯೇ ನಮ್ಮ ಮನೆಯವರು "ಇದೇ ಇರಲಿ" ಅಂದಿದ್ದು.

ಎರಡು ವರ್ಷ ಬಿಟ್ಟು ಮನೆ ಕಟ್ಟುವಾಗ ನಲ್ಲಿ ಸಂಪರ್ಕಕ್ಕೆಂದು ಪ್ಲಂಬರ್ ರಸ್ತೆಯ ಅಂಚಿಗೆ ಹಾರೆ ಹಾಕಿದ. ಎರಡೇ ಏಟಿಗೆ ಡಾಂಬರು ಹಪ್ಪಳದ ಹಾಗೆ ಎದ್ದು ಬಂತು. ಕೈಯಲ್ಲಿ ಹಿಡಿದು ನೋಡಿದೆ, ನನ್ನ ಕಿರುಬೆರಳಿನಷ್ಟೂ ದಪ್ಪ ಇಲ್ಲ. ಕೆಳಗೆ ತೆಳ್ಳಗೆ ಜಲ್ಲಿ, ಅದರಡಿ ಸೀದಾ ಕೆಂಪು ಮಣ್ಣು. "ಅಕ್ಕಾ, ಇದರ ಮೇಲೆ ರೋಲರ್ ಸರಿಯಾಗಿ ಓಡಿಸಿಯೇ ಇಲ್ಲ" ಎಂದ. ಆ ಮಳೆಗಾಲದಲ್ಲೇ ಅರ್ಧ ರಸ್ತೆ ಕಿತ್ತು ಹೋಯಿತು. ಚರಂಡಿಗೆ ಇಳಿಜಾರೇ ಕೊಟ್ಟಿರಲಿಲ್ಲ, ನೀರು ನಿಂತಲ್ಲೇ ನಿಂತಿತು.

ಪಂಚಾಯಿತಿಗೆ ಹೋದೆವು. "ಬಡಾವಣೆ ನಮಗೆ ಹಸ್ತಾಂತರ ಆಗಿಲ್ಲ ಮೇಡಂ. ಒಂದು ಬಲ್ಬು ಹಾಕಿದರೂ ಆಡಿಟ್‌ನಲ್ಲಿ ಕೇಳ್ತಾರೆ" ಎಂದರು. ಡೆವಲಪರ್ ಹತ್ತಿರ ಹೋದರೆ, "ನನ್ನ ಕೆಲಸ ಮುಗಿದಿದೆ, ಸೈಟೆಲ್ಲ ರಿಲೀಸ್ ಆಗಿವೆ, ಇನ್ನು ನನಗೂ ಅದಕ್ಕೂ ಸಂಬಂಧ ಇಲ್ಲ" ಎಂಬ ಮಾತು.

ಈ 'ರಿಲೀಸ್' ಅನ್ನೋ ಪದದ ಬೆಲೆ ನಮಗೆ ಗೊತ್ತಾಗಿದ್ದು ಆಗಲೇ. ಸರ್ಕಾರಿ ರಸ್ತೆಯಾದರೆ ಗುತ್ತಿಗೆದಾರ ಭದ್ರತಾ ಠೇವಣಿ ಇಟ್ಟಿರುತ್ತಾನೆ. ದೋಷ ಹೊಣೆಗಾರಿಕೆ ಅವಧಿ ಮುಗಿಯುವ ತನಕ ರಸ್ತೆ ಕಿತ್ತರೆ ಅವನೇ ಸರಿ ಮಾಡಬೇಕು. ಖಾಸಗಿ ಬಡಾವಣೆಯಲ್ಲಿ ಆ ಠೇವಣಿಯ ಜಾಗದಲ್ಲಿ ಇರುವುದು ಸೈಟುಗಳೇ. ರಸ್ತೆ, ಚರಂಡಿ, ನೀರು, ಒಳಚರಂಡಿ, ವಿದ್ಯುತ್ ಕೆಲಸ ಆಗುತ್ತಾ ಹೋದ ಹಾಗೆ ಪ್ರಾಧಿಕಾರ ಹಂತ ಹಂತವಾಗಿ ಸೈಟುಗಳನ್ನು ಮಾರಾಟಕ್ಕೆ ಬಿಡುಗಡೆ ಮಾಡುತ್ತೆ. ನಮ್ಮಲ್ಲಿ ಶೇಕಡಾ 40, 30, 30ರ ಲೆಕ್ಕದಲ್ಲಿ ಮೂರು ಕಂತು. ಕೊನೆಯ ಕಂತು ಪ್ರಾಧಿಕಾರದ ಕೈಲಿರುವ ತನಕ ಡೆವಲಪರ್ ಕರೆದರೆ ಬರುತ್ತಾರೆ. ನಮ್ಮದರಲ್ಲಿ ಆ ಹಪ್ಪಳದ ರಸ್ತೆಗೇ ಕಾಮಗಾರಿ ಪೂರ್ಣ ಎಂದು ಬರೆದು ಕೊನೆಯ ಕಂತನ್ನೂ ಬಿಟ್ಟುಬಿಟ್ಟಿದ್ದರು. ಒತ್ತಾಯ ಮಾಡಲು ಏನೂ ಉಳಿದಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ನಮ್ಮ ಪಕ್ಕದ ಮನೆಯ ಅಣ್ಣನದು ಇದರ ಇನ್ನೊಂದು ಮುಖ. ಅವರಿಗೆ ತೋರಿಸಿ ಅಡ್ವಾನ್ಸ್ ತಗೊಂಡಿದ್ದು ಇನ್ನೂ ಬಿಡುಗಡೆಯೇ ಆಗದ ಸೈಟು. ಬರೀ ಅಗ್ರಿಮೆಂಟ್ ಹಿಡಿದುಕೊಂಡು ಮೂರು ವರ್ಷ ರಿಜಿಸ್ಟ್ರೇಷನ್‌ಗೆ ಕಾದರು.

ಮತ್ತೊಂದು ಪೆಟ್ಟು ಬಿದ್ದಿದ್ದು ಹಸ್ತಾಂತರಕ್ಕೆ ಓಡಾಡುವಾಗ. ನಕ್ಷೆಯಲ್ಲಿ ಅಡ್ಡರಸ್ತೆ 9 ಮೀಟರ್, ಅಂದರೆ ಸುಮಾರು ಮೂವತ್ತು ಅಡಿ. ಇಂಜಿನಿಯರ್ ಬಂದು ಕಲ್ಲಿಂದ ಕಲ್ಲಿಗೆ ಟೇಪು ಹಿಡಿದರೆ ಎರಡು ಅಡ್ಡರಸ್ತೆಗಳಲ್ಲಿ ಸಿಕ್ಕಿದ್ದು ಏಳೂವರೆ ಮೀಟರ್. ಸೈಟಿನ ಕಲ್ಲುಗಳನ್ನೇ ರಸ್ತೆಗೆ ತಳ್ಳಿ ನೆಟ್ಟಿದ್ದರು. ಅಲ್ಲಿ ಈಗ ಕಾಂಪೌಂಡ್ ಎದ್ದಿವೆ, ಯಾರ ಗೋಡೆ ಒಡೆಯೋದು? ನಕ್ಷೆಯ ಹಾಗೆ ಇಲ್ಲದ ರಸ್ತೆಯನ್ನು ವಹಿಸಿಕೊಳ್ಳೋಲ್ಲ ಎಂದು ಪಂಚಾಯಿತಿ ಕೈ ಎತ್ತಿತು.

ಅದಕ್ಕೇ ಹೇಳ್ತಿದ್ದೀನಿ, ಅಡ್ವಾನ್ಸ್ ಕೊಡುವ ಮೊದಲು ನೀವೇ ಅಳೆಯಿರಿ. ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ ಹತ್ತೇ ರೂಪಾಯಿ, ಉತ್ತರಕ್ಕೆ 30 ದಿನ. ಅನುಮೋದಿತ ನಕ್ಷೆ, ಎಲ್ಲಾ ಕಂತಿನ ಸೈಟು ಬಿಡುಗಡೆ ಆದೇಶ, ಕಾಮಗಾರಿ ಪೂರ್ಣ ಎಂದು ಕೊಟ್ಟ ಪತ್ರ, ಇಷ್ಟರ ಪ್ರತಿ ಕೇಳಿ. ನಿಮ್ಮ ಸೈಟಿನ ನಂಬರ್ ಬಿಡುಗಡೆ ಆದೇಶದಲ್ಲಿ ಇದೆಯಾ ನೋಡಿ. ರಸ್ತೆ, ಪಾರ್ಕನ್ನು ಬಿಟ್ಟುಕೊಟ್ಟ ಪರಿತ್ಯಾಜನಾ ಪತ್ರ ತೋರಿಸಿ "ಎಲ್ಲಾ ಸರ್ಕಾರಕ್ಕೆ ಬರೆದುಕೊಟ್ಟಾಗಿದೆ" ಅನ್ನುತ್ತಾರೆ, ಅಷ್ಟಕ್ಕೇ ಸುಮ್ಮನಾಗಬೇಡಿ. ನಮ್ಮಲ್ಲೂ ಆ ಪತ್ರ ಇತ್ತು. ಜಾಗ ಬರೆದುಕೊಡೋದು ಬೇರೆ, ನಿರ್ವಹಣೆಯನ್ನು ಪಂಚಾಯಿತಿಯೋ ನಗರಸಭೆಯೋ ವಹಿಸಿಕೊಳ್ಳೋದು ಬೇರೆ. ಆ ಎರಡನೆಯದು ಆಗಿದೆಯಾ ಅಂತ ಅವರ ಕಚೇರಿಗೇ ಹೋಗಿ ಕೇಳಿ.

ಈಗಾಗಲೇ ಸಿಕ್ಕಿಹಾಕಿಕೊಂಡವರು ತಾರೀಖು ನೋಡಿಕೊಳ್ಳಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಕಲಂ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಮಗಾರಿಯ ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದರೆ, 30 ದಿನದಲ್ಲಿ ಡೆವಲಪರ್ ತನ್ನ ಖರ್ಚಲ್ಲೇ ಸರಿ ಮಾಡಿಕೊಡಬೇಕು. ಬಾಯಿಮಾತಲ್ಲಿ ಹೇಳಬೇಡಿ, ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನಾವು ಫೋನು, ವಾಟ್ಸಾಪ್ ಅಂತ ಮೂರು ವರ್ಷ ಸುಮ್ನೆ ಕಳೆದೆವು. ಅವಧಿಗೆ ಐದು ತಿಂಗಳು ಉಳಿದಿದ್ದಾಗ ಅಕ್ಕಪಕ್ಕದವರೆಲ್ಲ ಸೇರಿ, ಕಿತ್ತ ಡಾಂಬರಿನ ಫೋಟೋ ಸಮೇತ ರೇರಾಗೆ ದೂರು ಕೊಟ್ಟೆವು. ನೋಟಿಸ್ ಹೋದ ಮೇಲೆ ಮುಖ್ಯ ರಸ್ತೆಗೆ ಮತ್ತೆ ಡಾಂಬರು ಬಿತ್ತು.

ಆ ಎರಡು ಅಡ್ಡರಸ್ತೆಗಳ ವಿಷಯ ಇನ್ನೂ ವಿಚಾರಣೆಯಲ್ಲಿದೆ. ಹಸ್ತಾಂತರ ಆಗದ ಕಾರಣ ಕಸದ ಗಾಡಿ ಈಗಲೂ ಒಳಗೆ ಬರೋದಿಲ್ಲ. ದಿನಾ ಬೆಳಿಗ್ಗೆ ಬಕೆಟ್ ಹಿಡಿದು ಹೈವೇ ತಿರುವಿನ ತನಕ ನಾವೇ ನಡೆದು ಹೋಗುತ್ತೇವೆ.