ಅಸಲಿ, ಸೂಪರ್ ಕ್ಲೋನ್, ಫಸ್ಟ್ ಕಾಪಿ: ಮೂರು ಸಬ್‌ಮರೀನರ್ ಒಂದೇ ಮೇಜಿನ ಮೇಲೆ

ನಕಲಿ ರೋಲೆಕ್ಸ್ ಗುರುತಿಸುವುದು ಹೇಗೆ ಅಂತ ಕೇಳಿ ನೋಡಿ. ಎಲ್ಲರ ಬಾಯಲ್ಲೂ ಅದೇ ಹಳೇ ಉತ್ತರ. ಸೆಕೆಂಡ್ ಮುಳ್ಳು ಟಿಕ್ ಟಿಕ್ ಅಂತ ನೆಗೆದರೆ ನಕಲಿ, ಜಾರಿದರೆ ಅಸಲಿ. ಕೈಗೆ ಹಗುರ ಅನ್ನಿಸಿದರೆ ನಕಲಿ. ಒಂದು ಕಾಲಕ್ಕೆ ಇದು ಸರಿಯಾಗಿಯೇ ಇತ್ತು. ಈಗ ಇದನ್ನೇ ನೆಚ್ಚಿಕೊಂಡು ಸೆಕೆಂಡ್ ಹ್ಯಾಂಡ್ ವಾಚ್ ಕೊಳ್ಳಲು ಹೋದವರು ಲಕ್ಷಗಟ್ಟಲೆ ಕಳೆದುಕೊಳ್ಳುತ್ತಾರೆ.

ನಾನು ಹೋಲಿಸಿದ್ದು ಮುಳುಗುಗಾರರಿಗೆಂದು ಮಾಡಿದ ರೋಲೆಕ್ಸ್ ಸಬ್‌ಮರೀನರ್ ಡೇಟ್, ಕಪ್ಪು ಡಯಲ್, 40 ಮಿ.ಮೀ. ಮಾದರಿ. ವಾಚ್ ಹುಚ್ಚಿನವರು ಇದನ್ನು 116610 ಅಂತ ನಂಬರ್ ಹಿಡಿದೇ ಕರೆಯುತ್ತಾರೆ. 2010ರಲ್ಲಿ ಬಂತು, 2020ರಲ್ಲಿ ನಿಂತಿತು. ಅಸಲಿ ನಮ್ಮ ನೆಂಟರೊಬ್ಬರದು, ಕಂಪನಿಯ ಅಧಿಕೃತ ಅಂಗಡಿಯಿಂದ ಹೊಸದಾಗಿ ತಂದದ್ದು. ಎರಡನೆಯದು ಪರಿಚಯದವರು ಚೀನಾದ ಗುವಾಂಗ್‌ಝೌನಿಂದ ತಂದ ‘ಸೂಪರ್ ಕ್ಲೋನ್’, ಅಂದರೆ ಒಳಗಿನ ಯಂತ್ರದವರೆಗೂ ಅಸಲಿಯನ್ನೇ ಅನುಕರಿಸಿದ ನಕಲಿ. ಅಲ್ಲಿನ ರೈಲು ನಿಲ್ದಾಣದ ಹತ್ತಿರದ ವಾಚ್ ಮಾರುಕಟ್ಟೆ ಈ ದಂಧೆಗೆ ಲೋಕಪ್ರಸಿದ್ಧ. ಬೆಲೆ ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರದ ಮೇಲೆ. ಮೂರನೆಯದು ಮೆಜೆಸ್ಟಿಕ್ ಕಡೆ ಚೌಕಾಸಿ ಮಾಡಿ ಮೂರು ಸಾವಿರದ ಒಳಗೆ ಕೊಂಡ ‘ಫಸ್ಟ್ ಕಾಪಿ’. ಮೂರನ್ನೂ ಸರದಿಯ ಮೇಲೆ ಕೆಲವು ವಾರ ಕಟ್ಟಿಕೊಂಡು ಓಡಾಡಿದೆ. ಆಮೇಲೆ ಎಚ್‌ಎಂಟಿ ರಿಪೇರಿಯಲ್ಲೇ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ ಒಬ್ಬರ ಮುಂದೆ ಮೂರನ್ನೂ ಇಟ್ಟೆ.

ಫಸ್ಟ್ ಕಾಪಿಯ ವಿಷಯ ಬೇಗ ಮುಗಿಸಿಬಿಡೋಣ. ಅದರ ಹಿಂಬದಿ ಗಾಜಿನದು. ಒಳಗಿನ ಯಂತ್ರ ತಿರುಗುವುದು ಕಾಣಲಿ ಅಂತ ಶೋಕಿ. ರೋಲೆಕ್ಸ್ ಇವತ್ತಿನವರೆಗೂ ಸಬ್‌ಮರೀನರ್‌ಗೆ ಗಾಜಿನ ಹಿಂಬದಿ ಹಾಕಿಲ್ಲ, ಅಲ್ಲಿಗೆ ಕಥೆ ಮುಗಿಯಿತು. ಬೆಜೆಲ್ (ಡಯಲ್ ಸುತ್ತಲಿನ ನಿಮಿಷದ ಗುರುತಿನ ಹೊರ ಉಂಗುರ) ಎರಡೂ ಕಡೆ ತಿರುಗುತ್ತದೆ. ಮುಳುಗುಗಾರರ ವಾಚಿನಲ್ಲಿ ಅದು ಒಂದೇ ಕಡೆ ತಿರುಗಬೇಕು. ಇಲ್ಲದಿದ್ದರೆ ಆಕಸ್ಮಿಕವಾಗಿ ತಗುಲಿ ತಪ್ಪು ದಿಕ್ಕಿಗೆ ಸರಿದರೆ ನೀರೊಳಗೆ ಕಳೆದ ಹೊತ್ತು ಕಮ್ಮಿ ತೋರಿಸುತ್ತದೆ. ತಾರೀಖಿನ ಮೇಲಿನ ಭೂತಗನ್ನಡಿ ಹೆಸರಿಗಷ್ಟೇ. ಅಸಲಿಯದು ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಚೈನಿನ ಸದ್ದು ಕೇಳಿದರೆ ಎಳೆ ಮಗುವಿನ ಗಿಲಕಿ ನೆನಪಾಗುತ್ತದೆ. ಇದನ್ನು ಕಟ್ಟಿಕೊಂಡವರಿಗೂ ನಕಲಿ ಅಂತ ಗೊತ್ತು, ನೋಡುವವರಿಗೂ ಗೊತ್ತು. ಯಾರಿಗೂ ಮೋಸ ಇಲ್ಲ.

ಸೂಪರ್ ಕ್ಲೋನ್ ಹಾಗಲ್ಲ. ಮೊದಲ ದಿನ ಅದನ್ನೂ ಅಸಲಿಯನ್ನೂ ಅಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದರೂ ಬರಿಗಣ್ಣಿಗೆ ಏನೂ ಸಿಗಲಿಲ್ಲ. ಬೆಜೆಲ್ ನಿಜವಾಗಿಯೂ ಸೆರಾಮಿಕ್. ಗಾಜು ಸಫೈರ್. ಡಯಲ್ ಸುತ್ತಲಿನ ಒಳ ಉಂಗುರದಲ್ಲಿ ರೋಲೆಕ್ಸ್ ರೋಲೆಕ್ಸ್ ಅಂತ ಕೊರೆದಿರುವ ಅಕ್ಷರಗಳು ಗುರುತುಗಳಿಗೆ ಸರಿಯಾಗಿ ಕೂತಿವೆ. ಆರು ಗಂಟೆಯ ಹತ್ತಿರ ಗಾಜಿನಲ್ಲಿ ಲೇಸರ್‌ನಿಂದ ಕೊರೆದ, ರೋಲೆಕ್ಸ್ ಲಾಂಛನವಾದ ಪುಟ್ಟ ಕಿರೀಟವೂ ಇದೆ. ಕತ್ತಲಲ್ಲಿ ಅಸಲಿಯ ಹಾಗೇ ನೀಲಿ ಬೆಳಕು. ಕೊಂಡಿಯಲ್ಲಿ ಚೈನನ್ನು 2 ಮಿ.ಮೀ. ಲೆಕ್ಕದಲ್ಲಿ ಉದ್ದ ಮಾಡುವ ಗ್ಲೈಡ್‌ಲಾಕ್ ಕೂಡ ಕೆಲಸ ಮಾಡುತ್ತದೆ. ಮುಳ್ಳು ಜಾರುವ ವಿಚಾರಕ್ಕೆ ಬಂದರೆ, ಎರಡೂ ಗಂಟೆಗೆ 28,800 ಬಡಿತದವು. ಅಂದರೆ ಸೆಕೆಂಡಿಗೆ 8 ಹೆಜ್ಜೆ. ಕಣ್ಣಿಗೆ ವ್ಯತ್ಯಾಸ ಹೇಗೆ ತಾನೇ ಸಿಗಬೇಕು?

ಲೂಪ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಹಾಕಿದ ಮೇಲೆ ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡಿತು. ಅಸಲಿಯಲ್ಲಿ ಗಂಟೆ ಗುರುತುಗಳ ಸುತ್ತಲಿನ ಅಂಚು ಬಿಳಿ ಚಿನ್ನದ್ದು. ಹತ್ತು ಪಟ್ಟು ದೊಡ್ಡದಾಗಿ ನೋಡಿದರೂ ಚೂಪಾಗಿ, ಒಂದೇ ಸಮ ಹೊಳೆಯುತ್ತದೆ. ಕ್ಲೋನಿನಲ್ಲಿ ಒಂಬತ್ತರ ಗುರುತಿನ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಒರಟು ಇತ್ತು. ತಾರೀಖಿನ ಅಂಕಿಯ ಕಪ್ಪು ಕೊಂಚ ದಪ್ಪ. ಬೆಜೆಲ್ ತಿರುಗಿಸಿ ಬಿಟ್ಟಾಗ ಒಂದಿಷ್ಟು ಅಲ್ಲಾಟ. ಇಷ್ಟೇ. ಇದೂ ಅಸಲಿ ಪಕ್ಕದಲ್ಲೇ ಇದ್ದದ್ದರಿಂದ ಕಂಡದ್ದು. ಅದೊಂದನ್ನೇ ಕೈಗೆ ಕೊಟ್ಟಿದ್ದರೆ ನಾನಂತೂ ಅಸಲಿ ಅಂತಲೇ ಹೇಳುತ್ತಿದ್ದೆ.

ಇಷ್ಟು ಚೆನ್ನಾಗಿ ಮಾಡುವುದು ಹೇಗೆ ಸಾಧ್ಯವಾಯಿತು ಅಂದರೆ, ಇದರಲ್ಲಿ ಸ್ವಿಸ್ ಕಂಪನಿಗಳ ಪಾಲೂ ಇದೆ. ಚಿಕ್ಕಪುಟ್ಟ ಸ್ವಿಸ್ ಬ್ರ್ಯಾಂಡುಗಳು ಕೇಸು, ಡಯಲು, ಚೈನು ಎಲ್ಲ ಚೀನಾದಲ್ಲಿ ಮಾಡಿಸಿಕೊಳ್ಳುವುದು ಹೊಸದೇನಲ್ಲ. 2017ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಒಳಗಿನ ಯಂತ್ರ ಸ್ವಿಸ್ ಆಗಿದ್ದು, ಅದನ್ನು ಕೇಸಿಗೆ ಕೂರಿಸುವುದು, ಕೊನೆಯ ತಪಾಸಣೆ ಮತ್ತು ತಯಾರಿ ವೆಚ್ಚದ ಕನಿಷ್ಠ ಶೇ. 60 ಸ್ವಿಟ್ಜರ್ಲೆಂಡಿನಲ್ಲಿ ಆದರೆ ‘ಸ್ವಿಸ್ ಮೇಡ್’ ಅಂತ ಬರೆದುಕೊಳ್ಳಬಹುದು. ಉಳಿದ ಭಾಗ ಎಲ್ಲಿಂದಲಾದರೂ ಬರಬಹುದು. ಹೀಗೆ ನ್ಯಾಯವಾದ ಆರ್ಡರುಗಳಿಂದಲೇ ಅಲ್ಲಿನ ಕೈಗಳು ಪಳಗಿವೆ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷೀನುಗಳೂ ಬಂದಿವೆ. ಒಂದು ಅಸಲಿ ವಾಚ್ ಕೊಂಡು, ಬಿಚ್ಚಿ, ಪ್ರತಿ ಭಾಗವನ್ನೂ ಅಳೆದು ಮಾಡುವವರಿಗೆ ಬಂಡವಾಳ ದೊಡ್ಡ ಮಾತಲ್ಲ. ಜೊತೆಗೆ ಈ ಮಾದರಿಯ ಒಳಗಿರುವ 3135 ಯಂತ್ರ 1988ರದು. ಕಾಪಿ ಮಾಡುವವರಿಗೆ ಅಭ್ಯಾಸಕ್ಕೆ ಬೇಕಾದಷ್ಟು ಕಾಲ ಸಿಕ್ಕಿದೆ.

ಮೆಕ್ಯಾನಿಕ್ ಹಿಂಬದಿ ಬಿಚ್ಚಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. 3135ರಲ್ಲಿ ಎದ್ದು ಕಾಣುವ ಕೆಂಪು ಚಕ್ರಗಳು ಕ್ಲೋನಿನಲ್ಲೂ ಇದ್ದವು. ಬ್ಯಾಲೆನ್ಸ್ (ಆ ಕಡೆ ಈ ಕಡೆ ತೂಗಿ ವೇಗ ಕಾಯುವ ಚಕ್ರ) ಮೇಲಿನ ಅಡ್ಡ ಸೇತುವೆ ಇತ್ತು. ಅದನ್ನು ತೂಗಿಸುವ ನೀಲಿ ಸ್ಪ್ರಿಂಗ್ ಕೂಡ ಇತ್ತು. ಫಸ್ಟ್ ಕಾಪಿಯ ಒಳಗಿದ್ದದ್ದು ಸಾಧಾರಣ ಚೀನಾ ಯಂತ್ರ, ಗಂಟೆಗೆ 21,600 ಬಡಿತದ್ದು. ಅದನ್ನು ಅವರು ತಿರುಗಿ ನೋಡಲಿಲ್ಲ. ಕ್ಲೋನನ್ನು ಮಾತ್ರ ಲೂಪಿನಡಿ ಹಿಡಿದು ‘ಯಾರೋ ಕೂತು ಮಾಡಿದ್ದಾರೆ ಕಣ್ರೀ’ ಅಂದರು. ಆ ಮಾತಿನಲ್ಲಿ ಸ್ವಲ್ಪ ಮೆಚ್ಚುಗೆಯೂ ಇತ್ತು.

ಆಮೇಲೆ ಟೈಮ್‌ಗ್ರಾಫರ್ ಮೇಲೆ ಇಟ್ಟರು. ವಾಚಿನ ಬಡಿತವನ್ನು ಮೈಕ್‌ನಲ್ಲಿ ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಹಿಂದೆ ಅಂತ ಪರದೆಯ ಮೇಲೆ ಚುಕ್ಕಿಗಳ ಸಾಲಿನಲ್ಲಿ ತೋರಿಸುವ ಪೆಟ್ಟಿಗೆ ಅದು. ಡಯಲ್ ಮೇಲೆ ಮಾಡಿ ಇಟ್ಟಾಗ ಅಸಲಿ, ಕ್ಲೋನ್ ಎರಡೂ ಒಂದೇ ಥರ, ಸೊಗಸಾದ ನೇರ ಗೆರೆ. ಆ ಹೊತ್ತಿಗೆ ಕ್ಲೋನೇ ಗೆದ್ದಿತು ಅಂದುಕೊಂಡೆ. ಅವರು ಸುಮ್ಮನೆ ವಾಚನ್ನು ಹೊರಳಿಸಿದರು, ಕಿರೀಟ (ಪಕ್ಕದ ಕೀಲಿ ಗುಂಡಿ) ಕೆಳಗೆ. ಅಸಲಿಯ ಗೆರೆ ಒಂದೆರಡು ಸೆಕೆಂಡ್ ಕದಲಿತು, ಅಷ್ಟೇ. ಕ್ಲೋನಿನ ಗೆರೆ ಓರೆಯಾಗಿ ಓಡಿತು. ಇನ್ನೊಂದು ಮಗ್ಗುಲಿಗೆ ಹೊರಳಿಸಿದರೆ ಎದುರು ದಿಕ್ಕಿಗೆ ಓರೆ. ದಿನಕ್ಕೆ ಹದಿನೈದಿಪ್ಪತ್ತು ಸೆಕೆಂಡಿನ ಅಂತರ. ರೋಲೆಕ್ಸ್‌ನಲ್ಲಿ ಬ್ಯಾಲೆನ್ಸ್ ಚಕ್ರದ ಒಳಗೆ ಕೂತ ಪುಟಾಣಿ ಚಿನ್ನದ ನಟ್‌ಗಳನ್ನು ವಿಶೇಷ ಕೀಲಿಯಿಂದ ತಿರುಗಿಸಿ ವೇಗ ಕೂರಿಸುತ್ತಾರೆ. ಸ್ಪ್ರಿಂಗಿನ ಕೊನೆಯ ಸುತ್ತನ್ನೂ ಮೇಲಕ್ಕೆ ಬಗ್ಗಿಸಿರುತ್ತಾರೆ, ವಾಚ್ ಯಾವ ಮಗ್ಗುಲಲ್ಲಿದ್ದರೂ ಉಸಿರಾಟ ಒಂದೇ ಥರ ಇರಲಿ ಅಂತ. ಕ್ಲೋನಿನವರು ಆ ಆಕಾರ ತಂದಿದ್ದಾರೆ. ಕೂರಿಸುವುದಕ್ಕೆ ಬೇಕಾದ ಹೊತ್ತು ಕೊಟ್ಟಿಲ್ಲ.

ನೀರಿನ ಪರೀಕ್ಷೆ ಇನ್ನೂ ಚೆನ್ನಾಗಿತ್ತು. ಗಾಜಿನ ಕೊಳವೆಯಲ್ಲಿ ಅರ್ಧ ನೀರು. ಅದರ ಮೇಲೆ ಗಾಳಿಯಲ್ಲಿ ವಾಚನ್ನು ತೂಗುಬಿಟ್ಟು ಒತ್ತಡ ಏರಿಸುತ್ತಾರೆ. ಆಮೇಲೆ ನೀರಿಗೆ ಇಳಿಸಿ, ಒತ್ತಡ ಬಿಡುತ್ತಾರೆ. ಕೇಸಿನೊಳಗೆ ಗಾಳಿ ನುಗ್ಗಿದ್ದರೆ ಆಗ ಗುಳ್ಳೆಯಾಗಿ ಹೊರಗೆ ಬರಬೇಕು. ಫಸ್ಟ್ ಕಾಪಿಯಲ್ಲಿ ಒತ್ತಡ ಬಿಟ್ಟದ್ದೇ ಕಿರೀಟದ ಬುಡದಿಂದ ಬಳಬಳ ಗುಳ್ಳೆ. ಕ್ಲೋನಿನಲ್ಲಿ ಮೊದಲು ಏನೂ ಇಲ್ಲ. ಒತ್ತಡ ಜಾಸ್ತಿ ಮಾಡಿ ಮತ್ತೆ ಇಳಿಸಿದಾಗ ಹಿಂಬದಿ ಅಂಚಿನಿಂದ ಒಂದೊಂದೇ ಗುಳ್ಳೆ, ನಿಧಾನಕ್ಕೆ, ಪೋಣಿಸಿದ ಹಾಗೆ ಮೇಲೇರಿತು. ಅಸಲಿ ಸುಮ್ನೆ ಇತ್ತು. ಅದು 300 ಮೀಟರ್ ಆಳಕ್ಕೆ ಮಾಡಿದ ವಾಚು. ಕಂಪನಿಯಲ್ಲಿ ಅದಕ್ಕಿಂತ ಶೇ. 25 ಜಾಸ್ತಿ ಒತ್ತಡ ಕೊಟ್ಟು ನೋಡಿಯೇ ಹೊರಗೆ ಬಿಡುತ್ತಾರೆ. ಕ್ಲೋನ್ ಕಟ್ಟಿಕೊಂಡು ಕೈ ತೊಳೆಯಬಹುದು, ಮಳೆಯಲ್ಲಿ ನಡೆಯಬಹುದು. ಮಲ್ಪೆಯಲ್ಲಿ ಸಮುದ್ರಕ್ಕೆ ಇಳಿಯುವ ಮುಂಚೆ ಬಿಚ್ಚಿಡುವುದು ಒಳ್ಳೆಯದು.

ಹಾಗಾದರೆ ನಲವತ್ತು ಸಾವಿರಕ್ಕೆ ಕ್ಲೋನ್ ಲಾಭವಾ? ನನ್ನ ಪ್ರಕಾರ ಮೂರರಲ್ಲಿ ಅತಿ ದಡ್ಡ ಖರೀದಿ ಅದೇ. ಕೆಟ್ಟರೆ ಕಂಪನಿ ಸರ್ವಿಸ್ ಸೆಂಟರ್ ಮುಟ್ಟುವುದಿಲ್ಲ. ಹೊರಗಿನವರಿಗೆ ಭಾಗಗಳು ಸಿಗುವುದಿಲ್ಲ. ಯಂತ್ರವನ್ನೇ ಬದಲಾಯಿಸಬೇಕು, ಅದೂ ಅದೇ ಮಾರ್ಗದಲ್ಲಿ ತರಿಸಿ. ಮಾರೋಣ ಅಂದರೆ ಅದು ಅಪರಾಧ: 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ನಕಲಿ ಮಾರಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದೇ ದುಡ್ಡಿನೊಳಗೆ ಸೀಕೋ 5 ಸ್ಪೋರ್ಟ್ಸ್ ಬರುತ್ತದೆ. 100 ಮೀಟರ್ ನೀರು ತಡೆಯುತ್ತದೆ, ಒಳಗೆ 24 ಜ್ಯೂಯೆಲ್‌ನ (ಸವೆತ ತಡೆಯುವ ಪುಟ್ಟ ಹರಳುಗಳ) ಆಟೋಮ್ಯಾಟಿಕ್ ಯಂತ್ರ, ಯಾವ ಊರಿನ ಮೆಕ್ಯಾನಿಕ್ ಆದರೂ ಧೈರ್ಯವಾಗಿ ಬಿಚ್ಚುತ್ತಾನೆ. ನಾನು ದಿನಾ ಕಟ್ಟುವುದು ಅದನ್ನೇ. ಡಯಲ್ ಮೇಲೆ ಕಿರೀಟ ಇಲ್ಲ, ನಿಜ.

ಕಟ್ಟಿಕೊಳ್ಳುವವರ ಶೋಕಿ ಅವರ ಪಾಡಿಗೆ ಇರಲಿ. ನನಗೆ ದಿಗಿಲಾಗುವುದು ಸೆಕೆಂಡ್ ಹ್ಯಾಂಡ್ ಪೇಟೆಯ ಬಗ್ಗೆ. ಇದೇ 116610 ಇವತ್ತು ಹತ್ತು ಲಕ್ಷದ ಆಸುಪಾಸಿನಲ್ಲಿ ಕೈ ಬದಲಾಯಿಸುತ್ತದೆ. ಕ್ಲೋನಿನ ಅಳತೆ ಎಷ್ಟು ಕರಾರುವಾಕ್ಕು ಅಂದರೆ ಅಸಲಿ ಡಯಲ್, ಅಸಲಿ ಮುಳ್ಳು ಅದರ ಮೇಲೆ ಕೂರುತ್ತವೆ. ಅಲ್ಲಿಗೆ ಅರ್ಧ ಅಸಲಿ, ಅರ್ಧ ನಕಲಿ ವಾಚು ತಯಾರು. ನನ್ನ ಲೂಪಿಗೆ ಸಿಕ್ಕ ಆ ಒರಟು ಮೂಲೆಯೂ ಅದರಲ್ಲಿ ಇರುವುದಿಲ್ಲ. ಬಾಕ್ಸು, ಹಸಿರು ವಾರಂಟಿ ಕಾರ್ಡು ಕೂಡ ನಕಲಿ ಸಿಗುತ್ತವೆ. 2022ರ ಡಿಸೆಂಬರಿನಲ್ಲಿ ರೋಲೆಕ್ಸ್ ತಾನೇ ಹಳೆಯ ವಾಚುಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟು ಮಾರಿಸುವ ವ್ಯವಸ್ಥೆ ಶುರು ಮಾಡಿತು. ಬೆಲೆ ಜಾಸ್ತಿಯೇ, ಆದರೂ ಅಲ್ಲಿ ಕೊಳ್ಳುವುದು ನೆಮ್ಮದಿ.

ಬೇರೆಯವರ ಹತ್ತಿರ ಕೊಳ್ಳುವುದಾದರೆ ಫೋಟೋ, ಬಿಲ್ಲು ನೋಡಿ ದುಡ್ಡು ಕಳಿಸಬೇಡಿ. ರೋಲೆಕ್ಸ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಅಂಗಡಿಯಲ್ಲೇ ಭೇಟಿ ಇಟ್ಟುಕೊಳ್ಳಿ. ಹಿಂಬದಿ ತೆಗೆಸಿ, ಟೈಮ್‌ಗ್ರಾಫರ್ ಮೇಲೆ ಎಲ್ಲ ಮಗ್ಗುಲಿಗೂ ಹೊರಳಿಸಿ ನೋಡಿ. ಬಿಚ್ಚಿದರೆ ವಾಟರ್‌ಪ್ರೂಫ್ ಹೋಗುತ್ತದೆ ಅಂತ ಮಾರುವವರು ತಕರಾರು ತೆಗೆಯಬಹುದು. ಹೊಸ ಗ್ಯಾಸ್ಕೆಟ್ಟಿನ ಖರ್ಚು ನನ್ನದು ಅಂತ ಹೇಳಿ ನೋಡಿ, ಆಮೇಲೂ ಒಪ್ಪದಿದ್ದರೆ ಎದ್ದು ಬನ್ನಿ.