ಬಿಡಿ-ಹತ್ತು ಕಲಿಸಲು ಯಾವುದು ಒಳ್ಳೆಯದು? ಬೀಜ, ಕಡ್ಡಿ, ಮಣಿಸರ, ಅಬ್ಯಾಕಸ್, ಆಟದ ನೋಟು

"ಇಪ್ಪತ್ತೊಂದು ಬರಿ" ಅಂದೆ. ಒಬ್ಬ ಹುಡುಗಿಯ ಸ್ಲೇಟಿನ ಮೇಲೆ 201 ಬಂತು. ಇಪ್ಪತ್ತು ಅಂದರೆ 20, ಒಂದು ಅಂದರೆ 1. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾಳೆ. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾಳೆ, ಅಲ್ವಾ? ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರೆಲ್ಲ ಈ 201 ಅನ್ನು ನೋಡಿಯೇ ಇರುತ್ತಾರೆ.

ನಮ್ಮದು ನಲಿ-ಕಲಿ ತರಗತಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಮಗು ತನ್ನ ವೇಗದಲ್ಲೇ ಕಲಿಕಾ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠ, ಹತ್ತಬೇಕು ಅನ್ನೋದೇ ಇದರ ಜೀವ. ಹಾಗಾಗಿ ಒಬ್ಬ ಹುಡುಗ ಇನ್ನೂ ಒಂಬತ್ತರವರೆಗೆ ಎಣಿಸುತ್ತಿರುವಾಗ ಪಕ್ಕದವಳು ದಶಕ ಸಹಿತ ಸಂಕಲನ, ಅಂದರೆ ಬಿಡಿ ಹತ್ತು ದಾಟಿ ದಶಕ ಏರುವ ಕೂಡೋ ಲೆಕ್ಕ, ಮಾಡುತ್ತಿರುತ್ತಾಳೆ. ಇಂಥ ಕೋಣೆಯಲ್ಲಿ ನಾಲ್ಕು ವರ್ಷ ಐದು ಬಗೆಯ ಸಾಮಾನು ಇಟ್ಟು ನೋಡಿದ್ದೇನೆ.

ಹುಣಸೆ ಬೀಜದಿಂದ ಶುರು ಮಾಡಿದೆ. ದುಡ್ಡು ಬೇಕಿಲ್ಲ, ಮಕ್ಕಳೇ ಚೀಲ ತುಂಬ ತರುತ್ತಾರೆ. ಮನೆಯಲ್ಲಿ ಅಳಿಗುಳಿ ಮಣೆ ಆಡಿದ ಮಕ್ಕಳಿಗಂತೂ ನಾಲ್ಕು ಬೀಜ ನೋಡಿದ ತಕ್ಷಣ ನಾಲ್ಕು ಅಂತ ಗೊತ್ತಾಗುತ್ತೆ, ಎಣಿಸೋದೇ ಇಲ್ಲ. ಆದರೆ ಹತ್ತು ಬೀಜ ಸೇರಿದರೆ ಅದು ಬರೀ ರಾಶಿ. ಬೆಂಕಿಪೊಟ್ಟಣದಲ್ಲಿ ಹತ್ತು ಹತ್ತು ತುಂಬಿಸಿ ನೋಡಿದೆ. ಮುಚ್ಚಿದ ಮೇಲೆ ಒಳಗಿರೋದು ಕಾಣಲ್ಲ. ಮಗುವಿನ ಪಾಲಿಗೆ ಅದು ಒಂದು ಪೊಟ್ಟಣ, ಅಷ್ಟೇ.

ಮಣಿಸರ ಬೇರೆ ಥರ. ನೂರು ಮಣಿ, ಹತ್ತು ಕೆಂಪು, ಹತ್ತು ಬಿಳಿ, ಮತ್ತೆ ಹತ್ತು ಕೆಂಪು, ಹೀಗೆ ಪೋಣಿಸಿದ್ದು. ಗೋಡೆಗೆ ಉದ್ದಕ್ಕೆ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪನ್ನು 38ರ ಮುಂದೆ ಸಿಕ್ಕಿಸಿ, "ಮುಂದಿನ ಹತ್ತಕ್ಕೆ ಎಷ್ಟು ಬೇಕು?" ಅಂತ ಕೇಳಿದರೆ ಸಾಕು, ಬಣ್ಣ ನೋಡಿಯೇ ಎರಡು ಅನ್ನುತ್ತಾರೆ. ಹಿಂದೆ ಮುಂದೆ ಎಣಿಸಲು, ಯಾವ ಸಂಖ್ಯೆ ಯಾವುದರ ಹತ್ತಿರ ಇದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ 21ರಲ್ಲಿ 2 ಯಾಕೆ, 1 ಯಾಕೆ ಅನ್ನೋದು ಸರದಲ್ಲಿ ಕಾಣಲ್ಲ.

ಅಬ್ಯಾಕಸ್ಸೂ ಆಟದ ನೋಟುಗಳೂ ನಮಗೆ ಸಿಕ್ಕಿದ್ದು ಗಣಿತ ಕಲಿಕಾ ಆಂದೋಲನ ಅನ್ನೋ ಸರ್ಕಾರಿ ಶಾಲೆಗಳ ಕಾರ್ಯಕ್ರಮದ ಪೆಟ್ಟಿಗೆಯಿಂದ. ಪೆಟ್ಟಿಗೆ ಬಂದಿರೋದು ನಾಲ್ಕು, ಐದನೇ ತರಗತಿಗೆ. ಅವರ ಲೆಕ್ಕದ ಪಿರಿಯಡ್ ಇಲ್ಲದಾಗ ನಾನು ತಂದುಕೊಳ್ಳುತ್ತಿದ್ದೆ. ಅಬ್ಯಾಕಸ್ ಮೇಲೆ ತುಂಬ ನಂಬಿಕೆ ಇತ್ತು. ಹತ್ತರ ಕಂಬಿಗೆ ಎರಡು ಮಣಿ, ಬಿಡಿ ಕಂಬಿಗೆ ಮೂರು ಮಣಿ ಹಾಕಿ ಎಷ್ಟು ಅಂತ ಕೇಳಿದೆ. ಎರಡನೇ ತರಗತಿಯ ಹುಡುಗ ಎಲ್ಲವನ್ನೂ ಬೆರಳಿಟ್ಟು ಎಣಿಸಿ, "ಐದು ಮಿಸ್" ಅಂದ. ಅವನ ಕಣ್ಣಿಗೆ ಇರೋದು ಐದೇ ಮಣಿ. ಹತ್ತರ ಕಂಬಿಯ ಮಣಿ ಬಿಡಿಯ ಮಣಿಗಿಂತ ಒಂದಿಷ್ಟೂ ದಪ್ಪ ಇಲ್ಲ. ಅದನ್ನು ಹತ್ತು ಅಂತ ಅವನು ನಂಬಬೇಕು, ಸುಮ್ನೆ ನಾನು ಹೇಳಿದೆ ಅಂತ. ಹತ್ತು ಅಂದರೇನು ಅಂತ ಆಗಲೇ ಗೊತ್ತಿರುವ ಮಗುವಿಗೆ ಅಬ್ಯಾಕಸ್ ಒಳ್ಳೆಯ ಅಭ್ಯಾಸ. ಗೊತ್ತಿಲ್ಲದ ಮಗುವಿಗೆ ಅದರಿಂದ ಏನೂ ಸಿಗಲ್ಲ. ಒಂದನೇ ತರಗತಿಯವರಿಗೆ ಈಗ ನಾನು ಅದನ್ನು ಕೊಡೋದೇ ಇಲ್ಲ.

ನೋಟಿನದೂ ಅದೇ ಕಥೆ ಆಗಬೇಕಿತ್ತು. ಹತ್ತರ ನೋಟು ಹರಿದರೆ ಹತ್ತು ಒಂದು ರೂಪಾಯಿ ಬೀಳಲ್ಲವಲ್ಲ. ಆದರೆ ಇಲ್ಲಿ ಅಂಗಡಿ ನೆರವಿಗೆ ಬರುತ್ತೆ. ಮನೆಗೆ ಸಕ್ಕರೆ, ಟೀಪುಡಿ ತಂದುಕೊಡುವ ಮಗುವಿಗೆ ಚಿಲ್ಲರೆ ಅಂದರೇನು ಅಂತ ಚೆನ್ನಾಗಿ ಗೊತ್ತು. 32ರಲ್ಲಿ 7 ಕಳೆಯಬೇಕು, ಬಿಡಿ ಎರಡೇ ಇದೆ. "ಏನು ಮಾಡ್ತೀಯ?" ಅಂದರೆ "ಚಿಲ್ಲರೆ ಮಾಡಿಸ್ತೀನಿ" ಅನ್ನುತ್ತೆ. ಈ ಒಂದು ಮಾತು ಸಿಕ್ಕ ಮೇಲೆ ಕಳೆಯೋ ಲೆಕ್ಕದಲ್ಲಿ ಮಾತು ಜಾಸ್ತಿ ಬೇಕಾಗಲ್ಲ. ಅಂಗಡಿಗೆ ಹೋಗಿಯೇ ಗೊತ್ತಿಲ್ಲದ ಮಕ್ಕಳಿಗೆ ಮಾತ್ರ ನೋಟು ಬರೀ ಬಣ್ಣದ ಕಾಗದ. ಅವರಿಗೆ ಮೊದಲು ತರಗತಿಯಲ್ಲೇ ಒಂದು ಸಂತೆ ಮಾಡಿಸಬೇಕು.

ಇನ್ನು ಕಡ್ಡಿ. ನನ್ನ ಆಯ್ಕೆ ಇದೇ. ತೆಂಗಿನ ಪೊರಕೆ ಬಿಚ್ಚಿ, ತೆಳ್ಳಗಿನ ತುದಿ ಬಿಟ್ಟು, ಬೆರಳುದ್ದ ಕತ್ತರಿಸಿ, ಚೂಪು ಉಳಿಯದ ಹಾಗೆ ತುದಿ ಉಜ್ಜಿಕೊಳ್ಳಬೇಕು. ಇಬ್ಬರು ಮಕ್ಕಳಿಗೆ 110 ಕಡ್ಡಿ ಬೇಕು: ಒಂಬತ್ತು ಕಟ್ಟು, ಇಪ್ಪತ್ತು ಬಿಡಿ. ಮೊದಲ ವರ್ಷ ಕಟ್ಟಲು ರಬ್ಬರ್ ಬ್ಯಾಂಡ್ ಕೊಟ್ಟೆ. ಒಬ್ಬರ ಮೇಲೊಬ್ಬರು ಹೊಡೆದುಕೊಂಡರು, ವಾರದಲ್ಲಿ ಅರ್ಧ ಖಾಲಿ. ಆಮೇಲೆ ಹಳೇ ಸೈಕಲ್ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿದೆ. ಅದು ಹಾರಲ್ಲ, ಕಿತ್ತುಹೋಗಲ್ಲ. ಬಿಗಿ ಸಾಲದಿದ್ದರೆ ಎರಡು ಸುತ್ತು.

ಕಡ್ಡಿಯ ಗುಣ ಇರೋದು ಕಟ್ಟೋದರಲ್ಲಿ, ಬಿಚ್ಚೋದರಲ್ಲಿ. 27ಕ್ಕೆ 15 ಕೂಡಿಸುವಾಗ ಬಿಡಿ ಹನ್ನೆರಡಾಗುತ್ತೆ. ಮಗು ತಾನೇ ಹತ್ತು ಎಣಿಸಿ, ಟ್ಯೂಬಿನ ಬಳೆ ಹಾಕಿ, ಕಟ್ಟುಗಳ ಪಕ್ಕ ಇಡುತ್ತೆ. ದಶಕ ಒಂದು ಎಲ್ಲಿಂದ ಬಂತು ಅಂತ ನಾನು ಹೇಳಬೇಕಿಲ್ಲ, ಕಟ್ಟಿದ್ದು ಅದೇ ತಾನೆ. ಒಂಬತ್ತಕ್ಕೇ ಕಟ್ಟಿದ್ದರೆ ಪಕ್ಕದ ಮಗು ಬಿಚ್ಚಿಸಿ ಎಣಿಸುತ್ತೆ. ಗೆಳೆಯರ ಸಹಾಯ ಅಂತ ನಲಿ-ಕಲಿಯಲ್ಲಿ ಹೇಳೋದು ಇದಕ್ಕೇ. ಎರಡು ಕಟ್ಟು, ಮೂರು ಕಡ್ಡಿ ನೋಡಿ ಐದು ಅಂದ ಮಗು ನನಗೆ ಇನ್ನೂ ಸಿಕ್ಕಿಲ್ಲ.

ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿಗೂ ಕಟ್ಟು ತುಂಬ ಸಹಾಯ ಮಾಡಿತು. ಉರ್ದುವಿನಲ್ಲಿ 29 ಅಂದರೆ ಉಂತೀಸ್. ಅದರೊಳಗೆ ಕೇಳಿಸೋದು ತೀಸ್, ಅಂದರೆ ಮೂವತ್ತು. ಕೆಲವರು ಅದಕ್ಕೇ ಮೂರನ್ನು ಮೊದಲು ಬರೆದುಬಿಡುತ್ತಿದ್ದರು. ಕನ್ನಡದ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತೂ ಇದೆ, ಒಂಬತ್ತೂ ಇದೆ, ಇದ್ದ ಹಾಗೇ ಕೇಳಿಸುತ್ತೆ. ಈಗ ಎಲ್ಲರಿಗೂ ಮೊದಲು ಕಡ್ಡಿ ನೋಡಿಕೊಂಡು "ಎರಡು ಹತ್ತು, ಒಂಬತ್ತು" ಅಂತ ಹೇಳಿಸುತ್ತೇನೆ. ಸಂಖ್ಯೆಯ ಹೆಸರು ಆಮೇಲೆ.

ಕಡ್ಡಿಗೂ ಒಂದು ಕೊರತೆ ಇದೆ. ನೂರು ದಾಟಿದರೆ ಸಂಭಾಳಿಸೋದು ಕಷ್ಟ. ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಕಟ್ಟು ಮಾಡಿ ಒಂದು ಸಲ ತೋರಿಸುತ್ತೇನೆ, ಅಲ್ಲಿಂದ ಮುಂದೆ ನೋಟು. ಅಬ್ಯಾಕಸ್ ಮೂರನೇ ತರಗತಿಯಲ್ಲಿ.

ಆ 201 ಮಾತ್ರ ಬರೀ ಕಡ್ಡಿಯಿಂದ ಹೋಗಲಿಲ್ಲ. ಎರಡು ಕಟ್ಟು, ಒಂದು ಕಡ್ಡಿ ಸರಿಯಾಗಿ ಇಟ್ಟು, ಪಕ್ಕದಲ್ಲಿ ಮತ್ತೆ 201 ಬರೆದಳು. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಪಟ್ಟಿ ಕತ್ತರಿಸಿದೆ. 20 ಬರೆದ ಪಟ್ಟಿ ಅಗಲ, 1 ಬರೆದದ್ದು ಅದರಲ್ಲಿ ಅರ್ಧ. ಕಟ್ಟುಗಳ ಕೆಳಗೆ ಅಗಲದ್ದನ್ನು ಇಡಿಸಿ, ಒಂದರ ಪಟ್ಟಿಯನ್ನು ಸೊನ್ನೆ ಮೇಲೆ ಕೂರಿಸು ಅಂದೆ. ಕೂರಿಸಿದಳು. 21 ಆಯ್ತು. ಎತ್ತಿ ನೋಡಿದಳು, ಮತ್ತೆ ಇಟ್ಟಳು. ಮೂರು ಸಲ ಹಾಗೇ ಮಾಡಿ ನನ್ನ ಸೆರಗು ಎಳೆದು ಹೇಳಿದಳು: "ಮಿಸ್, ಸೊನ್ನೆ ಎಲ್ಲೂ ಹೋಗಿಲ್ಲ. ಒಂದರ ಕೆಳಗೇ ಐತೆ."